ಕತ್ತಿಯ ಮೇಲಿನ ಕೆಂಪು



ಮುಂಗಾರು ಹಿಡಿಯುವುದರೊಳಗೆ ಮೊದಲ ಔಷಧಿ ಹೊಡೆದು ಮುಗಿಸಬೇಕೆಂಬ ಅವಸರದಲ್ಲಿ ನಾವೆಲ್ಲ ಇದ್ದೇವೆ. ಇಂಥ ಹೊತ್ತಿನಲ್ಲಿ ಮಕ್ಕಳ ಪ್ರಶ್ನೆ, ವಿಜ್ಞಾನ ಎಂದು ಬರೆಯಹೊರಟರೆ ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೆಂದು ಕೆಲವರಾದರೂ ಅಂದುಕೊಂಡಾರು. ಆದರೆ ವಿಷಯ ನೇರವಾಗಿ ಕೊಳೆರೋಗದ್ದೇ.

ಎರಡು ವರ್ಷದ ಹಿಂದೆ ನನ್ನ ತೋಟದಲ್ಲಿ ಎರಡು ಸಲ ಬೋರ್ಡೋ ಹೊಡೆಸಿಯೂ ಆಷಾಢದಲ್ಲಿ ಎಳೆಕಾಯಿ ರಾಶಿ ರಾಶಿ ಉದುರಿತು. ಮೊದಲು ಕೊನೆಗಾರನನ್ನು ಬೈದೆ. ಆಮೇಲೆ ಮೈಲುತುತ್ತವೇ ಸರಿಯಿಲ್ಲವೆಂದು ತೀರ್ಮಾನಿಸಿ, ಒದಗಿಸಿದವರಿಗೆ ಸಂಘದ ಕಾಗದದ ಮೇಲೆ ಖಾರವಾಗಿಯೇ ಬರೆದೆ. ಇನ್ನೂ ನಾಲ್ಕಾರು ಸದಸ್ಯರು ಇದೇ ದೂರು ತಂದಿದ್ದರಿಂದ ನನಗೆ ಧೈರ್ಯವೂ ಬಂದಿತ್ತು.

ಹೋದ ವರ್ಷ ಔಷಧಿ ಕಲಸುವ ದಿನ ನನ್ನ ತಮ್ಮನ ಮಗಳು ಅಂಗಳದಲ್ಲಿ ನಿಂತು ನೋಡುತ್ತಿದ್ದಳು. ಆರನೇ ತರಗತಿ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಹೊಯ್ದು ಕದಡಿದ್ದಾಗಿತ್ತು. ಹಗ್ಗ ಕೊಯ್ಯಲೆಂದು ತಂದ ಕತ್ತಿ ಯಾರದೋ ಕೈ ಜಾರಿ ಪೀಪಾಯಿಯೊಳಗೆ ಬಿತ್ತು. ತೆಗೆಯುವಾಗ ಅಲಗೆಲ್ಲ ಕೆಂಪು. "ದೊಡ್ಡಪ್ಪ, ಕತ್ತಿ ಯಾಕೆ ಕೆಂಪಾಯ್ತು?" ಎಂದಳು. "ದೂರ ನಿಲ್ಲು, ಮೈಮೇಲೆ ಸಿಡಿಯುತ್ತೆ" ಎಂದೆ. ಅವಳು ದೂರ ನಿಂತಳು, ಪ್ರಶ್ನೆ ಬಿಡಲಿಲ್ಲ. ಮೂರನೆಯ ಸಲ ಕೇಳಿದಾಗ ನಾನೇ ಕೈಚೀಲ ಕೆಳಗಿಟ್ಟು ನಿಂತೆ.

ಬಿ.ಎಸ್ಸಿ. ಓದುವಾಗ ಬಾಯಿಪಾಠ ಮಾಡಿದ ಸಂಗತಿಯೇ ಅದು. ನೀರಿನಲ್ಲಿ ಕರಗಿದ ತಾಮ್ರವಿದ್ದರೆ ಅದು ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅಷ್ಟೇ ಕಬ್ಬಿಣ ನೀರಿಗಿಳಿಯುತ್ತದೆ. ಆದ್ದರಿಂದಲೇ ಕಬ್ಬಿಣದ ಪಾತ್ರೆಯಲ್ಲಿ ಬೋರ್ಡೋ ಮಾಡಬಾರದು. ಸುಣ್ಣ ಸಾಕಷ್ಟು ಸೇರಿದ್ದರೆ ತಾಮ್ರವೆಲ್ಲ ಕರಗದ ನೀಲಿ ಗಸಿಯಾಗಿ ಬಿಡುತ್ತದೆ, ಕತ್ತಿ ಬೆಳ್ಳಗೇ ಇರುತ್ತದೆ. ಕೆಂಪಾಯಿತೆಂದರೆ ಸುಣ್ಣ ಸಾಲದು. ಹಾಗೆ ಉಳಿದ ತಾಮ್ರ ಎಳೆಕಾಯಿ, ಚಿಗುರನ್ನು ಸುಡುತ್ತದೆ, ಮೊದಲ ದೊಡ್ಡ ಮಳೆಗೆ ತೊಳೆದೂ ಹೋಗುತ್ತದೆ. ಗಸಿಯಾದರೆ ಕಾಯಿಗೆ ಅಂಟಿ ನಿಂತು, ನೀರಿನ ಪಸೆಯಲ್ಲಿ ಈಜಿಕೊಂಡು ಬರುವ ರೋಗದ ಬೀಜಕಣಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಲ್ಲುತ್ತಾ ಇರುತ್ತದೆ.

ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೂಕ ಸರಿಯಾಗಿಯೇ ಇತ್ತು. ಮತ್ತೆ ಸುಣ್ಣ ಸಾಲದೆ ಹೋದದ್ದು ಹೇಗೆ? ಉಗ್ರಾಣದ ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡು ಎರಡು ಮಳೆಗಾಲ ಕಳೆದ ಚೀಲದ ಸುಣ್ಣ ಅದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಬಹುಪಾಲು ಸೀಮೆಸುಣ್ಣವೇ ಆಗಿತ್ತು. ಹುಡುಗಿಗೆ ಹೇಳಿ ಅಡಿಗೆಮನೆಯಿಂದ ಲಿಂಬೆಹಣ್ಣು ತರಿಸಿ ಒಂದು ಚಿಟಿಕೆ ಸುಣ್ಣದ ಮೇಲೆ ಧಾರಾಳವಾಗಿ ಹಿಂಡಿಸಿದೆ. ಸೋಡಾದಂತೆ ನೊರೆ ಎದ್ದಿತು. ಹೊಸದಾಗಿ ಅರಳಿಸಿದ ಸುಣ್ಣದಲ್ಲಿ ಹೀಗೆ ನೊರೆ ಏಳುವುದಿಲ್ಲ. ಹಿಂದಿನ ವರ್ಷ ಹಾಕಿದ್ದೂ ಇದೇ ಚೀಲದಿಂದ. ಕೊನೆಗಾರನಿಗೆ ಅಂದೇ ತಪ್ಪಾಯಿತೆಂದೆ. ಒದಗಿಸಿದವರಿಗೂ ಇನ್ನೊಂದು ಕಾಗದ ಬರೆದೆ, ಅದನ್ನು ಬರೆಯುವುದು ಮೊದಲಿನದಕ್ಕಿಂತ ಕಷ್ಟವಾಯಿತು.

ಬೋರ್ಡೋ ಹುಟ್ಟಿದ್ದೂ ಇಂಥದೇ ಒಂದು "ಯಾಕೆ"ಯಿಂದ. 1882ರಲ್ಲಿ ಫ್ರಾನ್ಸಿನ ಮೆಡಾಕ್ ಪ್ರಾಂತ್ಯದಲ್ಲಿ ದ್ರಾಕ್ಷಿ ಬಳ್ಳಿಗಳೆಲ್ಲ ಬೂಷ್ಟು ರೋಗಕ್ಕೆ ಎಲೆ ಉದುರಿಸಿ ನಿಂತಿದ್ದಾಗ, ದಾರಿಬದಿಯ ಸಾಲುಗಳು ಮಾತ್ರ ಹಸಿರಾಗಿದ್ದುದು ಮಿಲಾರ್ಡೆ ಎಂಬ ಅಧ್ಯಾಪಕರ ಕಣ್ಣಿಗೆ ಬಿತ್ತು. ಹೋಗಿಬರುವವರು ಹಣ್ಣು ಕದಿಯದಿರಲೆಂದು ತೋಟದವರು ಆ ಸಾಲುಗಳಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಆ ದಾರಿಯಲ್ಲಿ ಸಾವಿರಾರು ಜನ ನಡೆದಿರಬೇಕು, ನಿಂತು ಕೇಳಿದವರು ಅವರು. ನಮ್ಮಲ್ಲಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೆ ಮುಂಚೆ ನಮ್ಮ ಹಿರಿಯರಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. ಗೊನೆಗೆ ಮಳೆನೀರು ತಾಗದಂತೆ ನೋಡಿಕೊಂಡರೆ ರೋಗವಿಲ್ಲವೆಂದು ಅವರೂ ಕಣ್ಣಿಟ್ಟು ನೋಡಿಯೇ ಕಂಡುಕೊಂಡದ್ದು. (ಕಾಫಿ ಬೆಳೆಗಾರರು ಇದು ಅಡಿಕೆಯವರ ಮಾತೆಂದು ಪುಟ ತಿರುಗಿಸಬೇಡಿ. ಕಾಫಿಯ ಕೊಳೆರೋಗಕ್ಕೂ ಎಲೆ ತುಕ್ಕಿಗೂ ಇದೇ ಬೋರ್ಡೋ.)

ನನ್ನ ಅಭಿಪ್ರಾಯವಿಷ್ಟು. ನಮ್ಮ ಮಕ್ಕಳು ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಎಂದು ಉರು ಹೊಡೆಯುತ್ತಾರೆ. ಆರತಿಗೆ ಓಕುಳಿ ಕದಡುವಾಗ ಅರಿಶಿನ ಸುಣ್ಣ ತಾಗಿ ಕೆಂಪಾಗುವುದು ಅದೇ ಪಾಠವೆಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಕೇಳಿದರೆ ಗದರಿಸುತ್ತೇವೆ. ಗದರಿಸುವುದು ಬಹಳ ಸಲ ನಮಗೇ ಗೊತ್ತಿಲ್ಲದ್ದರಿಂದ. ಔಷಧಿಯ ವಿಚಾರ ಅಧಿಕಾರಿಗಳು ನೋಡಿಕೊಳ್ಳಲಿ, ನಮಗ್ಯಾಕೆ ಎನ್ನುವ ಸದಸ್ಯರೂ ಇದ್ದಾರೆ. ಅಧಿಕಾರಿ ಬಂದು ನಮ್ಮ ಉಗ್ರಾಣದ ಸುಣ್ಣದ ಚೀಲ ಮುಟ್ಟಿ ನೋಡುವುದಿಲ್ಲ. ಗೊನೆಯ ಕಾಯಿ ನಮ್ಮದು.

ಮೈಲುತುತ್ತ ವಿಷ, ಸುಣ್ಣ ಅರಳುವಾಗ ಕುದಿದು ಕಣ್ಣಿಗೆ ಸಿಡಿಯಬಹುದು. ಮಕ್ಕಳು ದೂರವೇ ನಿಲ್ಲಲಿ, ಕೈ ಹಾಕುವುದು ಬೇಡ. ನೋಡಲಿ, ಕೇಳಲಿ. ಲಿಂಬೆಹಣ್ಣು ಹಿಂಡುವ ಕೆಲಸ ಅವರಿಗೇ ಕೊಡಿ, ಸುಣ್ಣ ಬೆರಳಿಗೆ ತಾಗದಂತೆ.

ಈ ಸಲ ಸಂಘದ ಕಚೇರಿಯ ಮೇಜಿನ ಮೇಲೆ ಒಂದು ಗಾಜಿನ ಲೋಟವನ್ನೂ ಲಿಂಬೆಹಣ್ಣುಗಳನ್ನೂ ಇರಿಸಲಾಗುವುದು. ಮೈಲುತುತ್ತ ಒಯ್ಯಲು ಬರುವವರು ಮನೆಯ ಸುಣ್ಣವನ್ನು ಒಂದು ಹಿಡಿ ಕಾಗದದಲ್ಲಿ ಕಟ್ಟಿ ತರಬೇಕೆಂದು ಕೋರುತ್ತೇನೆ. ರಜೆಯಲ್ಲಿರುವ ಮಕ್ಕಳನ್ನೂ ಕರೆತನ್ನಿ.

ಇಂತು,
ಕಾರ್ಯದರ್ಶಿ