ಅಡಿಪಟ್ಟಿಯೇ ತಪ್ಪಿದ್ದರೆ?

ಮಳೆಗಾಲದಲ್ಲಿ ಹಿರಿಯೂರಿನವರದ್ದು ಒಂದೇ ಪ್ರಶ್ನೆ: ‘ಡ್ಯಾಂ ಎಷ್ಟು ಅಡಿ ಆಯ್ತು?’ ವಾಣಿವಿಲಾಸ ಸಾಗರದ ಗರಿಷ್ಠ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಾವೆಲ್ಲ ಆ ಅಡಿಪಟ್ಟಿಯ ಅಂಕಿಯನ್ನು ನಂಬುತ್ತೇವೆ. ಪಟ್ಟಿಯೇ ತಪ್ಪಿದ್ದರೆ?

ಕಂಪ್ಯೂಟರ್‌ನಲ್ಲಿ ಹೀಗೆ ಆಗಿದೆ. ಲಿನಕ್ಸ್‌ನಲ್ಲಿ ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಎಂಬುದನ್ನು ಕರ್ನಲ್ ಎಣಿಸುತ್ತದೆ. ‘ಐಒಸ್ಟ್ಯಾಟ್’ ಅದನ್ನು ಶೇಕಡಾವಾರು ತೋರಿಸುತ್ತದೆ. ವೇಗದ ಡಿಸ್ಕ್‌ಗಳಿಗೆ ಎಣಿಕೆಯೇ ಹೊರೆಯಾಗಬಾರದೆಂದು 2019ರ 5.0 ಆವೃತ್ತಿಯಲ್ಲಿ ಅಂದಾಜು ಲೆಕ್ಕ ತಂದರು: ಕೆಲಸ ಶುರುವಾದಾಗ ಒಂದು ಟಿಕ್, ಮುಗಿದಾಗ ಒಂದು ಟಿಕ್. ಆದರೆ ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಒಂದು ಓದಿಗೆ 12 ಮಿಲಿಸೆಕೆಂಡ್ ತೆಗೆದುಕೊಂಡರೆ? ಟಿಕ್ ಒಂದು ಮಿಲಿಸೆಕೆಂಡ್ ಆಗಿದ್ದಲ್ಲಿ ಲೆಕ್ಕಕ್ಕೆ ಸಿಗುವುದು ಎರಡೇ. ಡಿಸ್ಕ್ ಏದುಸಿರು ಬಿಡುತ್ತಿದ್ದರೂ ‘ಬಹುಪಾಲು ಬಿಡುವಾಗಿದೆ’ ಎಂಬ ವರದಿ! 2020ರಲ್ಲಿ ಇದನ್ನು ಸರಿಪಡಿಸಿದರು. ಕೆಲಸ ಮುಗಿದಾಗ ಒಂದು ಟಿಕ್ ಬದಲು, ಹಿಂದಿನ ಲೆಕ್ಕದಿಂದ ಕಳೆದಷ್ಟೂ ಟಿಕ್ ಕೂಡಿಸುವುದು. ಕೆಲವೇ ಸಾಲಿನ ಬದಲಾವಣೆ ಅದು.

ನಮ್ಮ ಲ್ಯಾಬ್‌ನಲ್ಲಿದ್ದದ್ದು ಆ ನಡುವಿನ ಆವೃತ್ತಿ. ನನ್ನ ಪ್ರಾಜೆಕ್ಟ್ ಆಮೆಯಂತೆ ನಡೆಯುತ್ತಿತ್ತು. ‘ಡಿಸ್ಕ್ ಬಿಡುವಾಗಿದೆ, ನಿನ್ನ ಕೋಡ್ ಸರಿಯಿಲ್ಲ’ ಎಂದರು. ನಾನೂ ನಂಬಿದೆ. ಎರಡು ವಾರ ತಿದ್ದಿದ್ದೇ ತಿದ್ದಿದ್ದು. ಅದೇ ಕೋಡ್ ಗೆಳೆಯನ ಎಸ್‌ಎಸ್‌ಡಿ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡಿದಾಗಲೇ ಅಂಕಿಯ ಮೇಲೆ ಅನುಮಾನ ಬಂದದ್ದು.

‘ಇಂಥ ಚಿಕ್ಕ ರಿಪೇರಿ ಕಲಿತರೆ ಕೆಲಸ ಸಿಗುತ್ತದೆಯೇ?’ ಎನ್ನುವವರಿದ್ದಾರೆ. ಅದೊಂದರಿಂದಲೇ ಸಿಗಲಿಕ್ಕಿಲ್ಲ. ಆದರೆ ಹೊಸ ಹಾರ್ಡ್‌ವೇರ್ ಕೊಳ್ಳಬೇಕೇ, ತಪ್ಪು ಯಾರದು ಎಂಬ ತೀರ್ಮಾನಗಳೆಲ್ಲ ನಿಂತಿರುವುದು ಇಂಥ ಅಂಕಿಗಳ ಮೇಲೆ. ಅವು ಹುಟ್ಟುವ ಬಗೆ ಬಲ್ಲವನ ಮಾತಿಗೆ ಬೆಲೆ ಇದ್ದೇ ಇದೆ. ಈಗಲೂ ಎಸ್‌ಎಸ್‌ಡಿಯಲ್ಲಿ ಶೇ 100 ಎಂದರೆ ಅದರ ಶಕ್ತಿ ಮುಗಿಯಿತು ಎಂದಲ್ಲ. ಅದು ಏಕಕಾಲಕ್ಕೆ ಹಲವು ಕೆಲಸ ಮಾಡಬಲ್ಲದು. ಐಒಸ್ಟ್ಯಾಟ್‌ನ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ. ಓದುವವರು ಕಡಿಮೆ, ಅಷ್ಟೇ.

ಲಿನಕ್ಸ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಹೊಸದುರ್ಗ, ಹೊಳಲ್ಕೆರೆಯಲ್ಲಿ ಕುಳಿತೂ ಓದಬಹುದು. ಅಂತಿಮ ವರ್ಷದ ಪ್ರತಿ ಪ್ರಾಜೆಕ್ಟ್ ವರದಿಯಲ್ಲೂ ‘ಈ ಅಂಕಿಯನ್ನು ಅಳೆದದ್ದು ಹೇಗೆ?’ ಎಂಬುದಕ್ಕೆ ಒಂದು ಪುಟ ಕಡ್ಡಾಯವಾಗಲಿ. ಆ ಪುಟ ಬರೆಯುವ ಅಭ್ಯಾಸ ನನಗಿದ್ದಿದ್ದರೆ ಎರಡು ವಾರ ಉಳಿಯುತ್ತಿತ್ತು.