ಗೆರಟೆಯ ಕರಿ

ಕಾಯಿ ತುರಿದ ಮೇಲೆ ಗೆರಟೆ ಎಲ್ಲಿಗೆ ಹೋಗುತ್ತದೆ? (ಮೈಸೂರು ಕಡೆಯವರು ಕರಟ ಎಂದು ಓದಿಕೊಳ್ಳಿ.) ಊರಲ್ಲಾದರೆ ಬಚ್ಚಲ ಒಲೆಗೆ, ಡೊಂಬಿವಲಿಯ ನಮ್ಮ ಮನೆಯಲ್ಲಿ ಕಸದ ಬುಟ್ಟಿಗೆ. ಆದರೆ ಗೆರಟೆ ಇನ್ನೊಂದು ವೇಷದಲ್ಲಿ ಅಡುಗೆಮನೆಯಲ್ಲೇ ಇರುತ್ತದೆ. ನೀರಿನ ಫಿಲ್ಟರಿನೊಳಗಿನ ಕಪ್ಪು ಕಾಳು ಅನೇಕ ವೇಳೆ ಗೆರಟೆಯದೇ ಕರಿ.

ಗೆರಟೆಯನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, 900 ಡಿಗ್ರಿ ಆಸುಪಾಸಿನಲ್ಲಿ ಹಬೆ ಹಾಯಿಸಿದರೆ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳು ತೆರೆದುಕೊಳ್ಳುತ್ತವೆ. ಒಂದೇ ಗ್ರಾಂ ಕರಿಯ ಒಳಮೈ ಹರಡಿದರೆ ಸುಮಾರು 1000 ಚದರ ಮೀಟರ್. ನಮ್ಮ ವನ್ ಬಿಎಚ್‌ಕೆಗಳು ಇಪ್ಪತ್ತಾದರೂ ಹಿಡಿಸಾವು! ಬಣ್ಣ, ವಾಸನೆ ಎಲ್ಲ ಆ ಗೋಡೆಗಳಿಗೆ ಅಂಟಿ ಕೂರುತ್ತವೆ. ಕರಗಿದ ಉಪ್ಪು ಮಾತ್ರ ಇದಕ್ಕೆ ಜಗ್ಗದು.

ಉಮಿಗೂ ಇಂಥದೇ ಯೋಗ ಬಂತು. 2009ರ ಡಿಸೆಂಬರಿನಲ್ಲಿ ಬಂದ ಟಾಟಾ ಸ್ವಚ್‌ನಲ್ಲಿ ಇದ್ದದ್ದು ಭತ್ತದ ಉಮಿಯ ಬೂದಿ ಮತ್ತು ಬೆಳ್ಳಿಯ ನ್ಯಾನೋ ಕಣ. ಕರೆಂಟೂ ಬೇಡ. ಉಮಿಕರಿಯಲ್ಲಿ ಹಲ್ಲುಜ್ಜಿದ ನಮ್ಮ ಅಜ್ಜಂದಿರು ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ನನ್ನ ತಕರಾರು ಬೇರೆ. ಇದೆಲ್ಲ ಮನೆಯೊಳಗಿನ ಒಂದು ಲೋಟ ನೀರಿಗಾಯಿತು, ಹೊರಗಿನ ನೀರಿಗೆ? 2017ರ ಆಗಸ್ಟಿನಲ್ಲಿ ನವಿ ಮುಂಬಯಿಯ ತಲೋಜಾದಲ್ಲಿ, ಕಾಸಾಡಿ ನದಿಯ ಬಳಿ, ಬೀದಿನಾಯಿಗಳು ನೀಲಿ ಬಣ್ಣಕ್ಕೆ ತಿರುಗಿದ್ದವು. 2020ರ ಫೆಬ್ರವರಿಯಲ್ಲಿ ಡೊಂಬಿವಲಿ ಎಂಐಡಿಸಿಯ ರಸ್ತೆಯೇ ಗುಲಾಬಿಯಾಯಿತು. ಕಲ್ಯಾಣಿನ ವಾಲಧುನಿ ನದಿಯನ್ನು ರೈಲಿನಿಂದ ನೋಡಿದವರು ಮೂಗು ಮುಚ್ಚಿಕೊಂಡೇ ನೋಡಿರುತ್ತಾರೆ.

ಬಣ್ಣ ಹೀರುವುದರಲ್ಲಿ ಕರಿಯದು ಪಳಗಿದ ಕೈ. ಹಾಗೆಂದು ಮೂಟೆಗಟ್ಟಲೆ ತಂದು ನಾಲೆಗೆ ಸುರಿದರೆ ಉಪಯೋಗವಿಲ್ಲ. ಕೆಸರು, ಗಟಾರದ ಕೊಳೆ ಸೇರಿ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ. ಕೆಲಸ ಆಗಬೇಕಾದದ್ದು ಕಾರ್ಖಾನೆಯ ಬಾಗಿಲಲ್ಲೇ, ನೀರು ಪೈಪು ಬಿಟ್ಟು ಹೊರಬರುವ ಮೊದಲು. ಅಲ್ಲಿ ಖರ್ಚು ಕಾರ್ಖಾನೆಯದು. ಹೊರಗೆ ಬಂದ ಮೇಲೆ ಅದು ಮೀನುಗಾರರ ಮತ್ತು ನಮ್ಮ ಲೆಕ್ಕಕ್ಕೆ ಬೀಳುತ್ತದೆ.

ಬಾಳೆಸಿಪ್ಪೆ, ತೆಂಗಿನ ನಾರಿನ ಪುಡಿ, ಕಬ್ಬಿನ ಸಿಪ್ಪೆಗಳಿಂದ ನೀರು ಶುದ್ಧವಾಯಿತು ಎಂಬ ಸುದ್ದಿಗಳು ಆಗಾಗ ವಾಟ್ಸಾಪಿನಲ್ಲಿ ಬರುತ್ತವೆ. ಅವು ಸುಳ್ಳಲ್ಲ, ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಬಣ್ಣ ನಿಜಕ್ಕೂ ಮಾಯವಾಗುತ್ತದೆ. ನಾನು ಹುಡುಕುವುದು ಕೊನೆಯ ಸಾಲನ್ನು: ಬಣ್ಣ ಕುಡಿದು ತುಂಬಿದ ಆ ಪುಡಿ ಎಲ್ಲಿಗೆ ಹೋಯಿತು? ಮತ್ತೆ ಕುಲುಮೆಗೆ ಹಾಕಿ ಕಾಯಿಸಿದರೆ ಕರಿ ಪುನಃ ಬಳಕೆಗೆ ಬರುತ್ತದೆ, ಅದಕ್ಕೂ ಹಣ ಬೇಕು. ಇಲ್ಲದಿದ್ದರೆ ಅದೂ ಅಪಾಯಕಾರಿ ತ್ಯಾಜ್ಯವೇ. ಅಂಥದ್ದನ್ನು ವಿಲೇವಾರಿ ಮಾಡುವ ಜಾಗವೊಂದು ಇರುವುದು ಆ ತಲೋಜಾದಲ್ಲೇ.