ಕ್ಷಯದ ಮಾತ್ರೆಯಿಂದ ಕಾಮಾಲೆ: ರೋಗಿಯನ್ನು ದೂರಬೇಡಿ

ಕ್ಷಯದ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕಾಮಾಲೆ ಬಂದರೆ ನಮ್ಮ ಮನೆಗಳಲ್ಲಿ ತೀರ್ಪಿಗೆ ತಡವಾಗುವುದಿಲ್ಲ. “ಸರಿಯಾಗಿ ಊಟ ಮಾಡಲಿಲ್ಲ”, “ಆ ಮಾತ್ರೆ ಬಲು ಉಷ್ಣ.” ಸೊಸೆಯಾಗಿದ್ದರೆ “ತವರಿನಿಂದಲೇ ಕಾಯಿಲೆ ತಂದಳು.” ಮಾತ್ರೆಗಳು ಕಪಾಟು ಸೇರುತ್ತವೆ, ರೋಗಿಯನ್ನು ನಾಟಿ ಔಷಧಿಗೆ ಕರೆದೊಯ್ಯುತ್ತಾರೆ. ಅತ್ತ ಕ್ಷಯ ಮತ್ತೆ ತಲೆಯೆತ್ತುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಇದರಲ್ಲಿ ಹುಟ್ಟಿನಿಂದ ಬಂದ ವಂಶವಾಹಿಗಳ ಪಾತ್ರವೂ ಇರುತ್ತದೆ.

ಮೊದಲ ಎರಡು ತಿಂಗಳು ಕೊಡುವ ನಾಲ್ಕು ಔಷಧಿಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಲಿವರ್‌ಗೆ ಹಾನಿ ಮಾಡಬಲ್ಲವು. ಐಸೋನಿಯಾಜಿಡನ್ನು ಕರಗಿಸಿ ಹೊರಹಾಕಲು ಲಿವರ್‌ನಲ್ಲಿ ಎನ್‌ಎಟಿ-2 ಎಂಬ ಕಿಣ್ವವಿದೆ. ಅದರ ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಎರಡೂ ನಿಧಾನದವಾದರೆ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಲಿವರ್‌ಗೆ ಅಪಾಯವೂ ಹೆಚ್ಚುತ್ತದೆ. ಭಾರತೀಯರಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಈ ಗುಂಪಿನವರು. ಗಾಬರಿ ಬೇಡ, ಅವರಲ್ಲೂ ಬಹುಪಾಲು ಮಂದಿ ತೊಂದರೆಯಿಲ್ಲದೆ ಗುಣವಾಗುತ್ತಾರೆ. ಮದ್ಯಪಾನ, ಹೆಪಟೈಟಿಸ್ ಬಿ ಅಥವಾ ಸಿ, ಅಪೌಷ್ಟಿಕತೆ, ಇಳಿವಯಸ್ಸು ಜೊತೆಗೂಡಿದರೆ ಅಪಾಯ ಏರುತ್ತದೆ.

ಆದರೆ ನಮ್ಮಲ್ಲಿ ಮಾತ್ರೆಗಳ ಲೆಕ್ಕ ತೂಕದ ಮೇಲೆ ಮಾತ್ರ. 50 ಕಿಲೋ ತೂಗುವವರಿಗೆ ದಿನಕ್ಕೆ 4 ಮಾತ್ರೆ, ಅವರ ಕಿಣ್ವ ಚುರುಕಾಗಿರಲಿ, ನಿಧಾನವಾಗಿರಲಿ. 2013ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ನಿಧಾನದವರಿಗೆ ಐಸೋನಿಯಾಜಿಡ್ ಪ್ರಮಾಣವನ್ನು ಅರ್ಧಕ್ಕಿಳಿಸಿದಾಗ ಲಿವರ್ ಹಾನಿ ಬಹಳ ಕಡಿಮೆಯಾಯಿತು. ಈ ವಂಶವಾಹಿ ಪರೀಕ್ಷೆಯನ್ನು ಬದುಕಿನಲ್ಲಿ ಒಮ್ಮೆ ಮಾಡಿದರೆ ಸಾಕು. ಜಿಲ್ಲಾ ಆಸ್ಪತ್ರೆಗಳಲ್ಲಾದರೂ ಅದು ಸಿಗಬೇಕೆಂದು ನಾವು ಕೇಳಬೇಡವೇ?

ಅಲ್ಲಿಯವರೆಗೆ, ಚಿಕಿತ್ಸೆ ಆರಂಭಿಸುವಾಗಲೇ ಲಿವರ್‌ನ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. “ಆರು ತಿಂಗಳು ಬಿಡಬೇಡಿ” ಎಂದು ಎಲ್ಲರೂ ಹೇಳುತ್ತಾರೆ. ಯಾವಾಗ ಓಡಿ ಬರಬೇಕೆಂದು ಹೇಳುವವರು ಕಡಿಮೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಊಟವೇ ಬೇಡವೆನಿಸುವುದು, ನಿಲ್ಲದ ವಾಂತಿ, ಬಲಪಕ್ಕೆಯ ಕೆಳಗೆ ನೋವು, ಕಡು ಚಹಾದಂಥ ಮೂತ್ರ, ಹಳದಿ ಕಣ್ಣು ಕಂಡರೆ ಮಾತ್ರ ಮುಂದಿನ ಮಾತ್ರೆ ನುಂಗುವ ಮೊದಲೇ, ಅದೇ ದಿನ ವೈದ್ಯರನ್ನು ಕಾಣಿ. ಅಗತ್ಯವಿದ್ದರೆ ಅವರು ಔಷಧಿ ನಿಲ್ಲಿಸಿ, ಲಿವರ್ ಚೇತರಿಸಿಕೊಂಡ ಮೇಲೆ ಒಂದೊಂದಾಗಿ ಮತ್ತೆ ಆರಂಭಿಸುತ್ತಾರೆ. ನೀವಾಗಿಯೇ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ.

ಇನ್ನೊಂದು ಮಾತು. ಒಬ್ಬರು ನಿಧಾನದ ಗುಂಪಿನವರಾದರೆ ಒಡಹುಟ್ಟಿದ ಪ್ರತಿಯೊಬ್ಬರೂ ಹಾಗಿರುವ ಸಂಭವ ಕನಿಷ್ಠ ನಾಲ್ಕರಲ್ಲೊಂದು. ಅಕ್ಕನಿಗೆ ಈ ಮಾತ್ರೆಯಿಂದ ಕಾಮಾಲೆ ಬಂದಿತ್ತೆಂಬುದನ್ನು ಮದುವೆ ಮಾತುಕತೆಗೆ ಅಡ್ಡಿಯಾದೀತೆಂದು ಬಚ್ಚಿಟ್ಟಿದ್ದೀರಾ? ತಮ್ಮನಿಗೆ ಚಿಕಿತ್ಸೆ ಆರಂಭವಾಗುವ ದಿನ ವೈದ್ಯರ ಮುಂದಾದರೂ ಅದನ್ನು ಹೇಳಿ.